ಪಟ್ಟಿಗೆ ಪನಿ ಬಂದ ದಿನ

ನಮ್ಮ ಶಾಲೆಯೊಳಗೆ ಎರಡು ಶಾಲೆಗಳಿವೆ ಅಂತ ನಾನು ಆಗಾಗ ತಮಾಷೆಗೆ ಹೇಳುವುದುಂಟು. ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕದ ಆಚೆ, ಅಡಿಕೆ ತೋಟಗಳ ನಡುವಿನ ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆ ಇದು. ವರಾಂಡದ ಈ ತುದಿಯಲ್ಲಿ ಕನ್ನಡ ಡಿವಿಜನ್, ಆ ತುದಿಯಲ್ಲಿ ಮಲಯಾಳ ಡಿವಿಜನ್. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿತಲ್ಲ, ಇಲ್ಲಿನ ಎಷ್ಟೋ ಶಾಲೆಗಳಲ್ಲಿ ಹೀಗೆಯೇ ಎರಡು ಮಾಧ್ಯಮ. ವೇದಿಕೆ ಹತ್ತಿದವರೆಲ್ಲ ‘ಸಪ್ತಭಾಷಾ ಸಂಗಮ ಭೂಮಿ’ ಅನ್ನುತ್ತಾರೆ, ಚಪ್ಪಾಳೆ ಗಿಟ್ಟಿಸುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಮಕ್ಕಳದ್ದು ಎರಡು ಸಾಲು.

ಜುಲೈಯ ಒಂದು ಶನಿವಾರ ಆರು ಮತ್ತು ಏಳನೇ ಕ್ಲಾಸಿನ ಎರಡೂ ಡಿವಿಜನ್ ಸೇರಿಸಿ ಒಂದು ದಿನದ ಆಟದ ಕ್ಯಾಂಪ್ ಮಾಡುವ ಅಂತ ತೀರ್ಮಾನವಾಯಿತು. ಜವಾಬ್ದಾರಿ ನನಗೂ ಮಲಯಾಳ ಡಿವಿಜನ್ನಿನ ಮಾಷ್‌ಗೂ (ಮಲಯಾಳದಲ್ಲಿ ಮೇಷ್ಟ್ರಿಗೆ ಮಾಷ್ ಅನ್ನುತ್ತಾರೆ). ಒಟ್ಟು 48 ಮಕ್ಕಳು.

ಮೊದಲ ತಪ್ಪು ನನ್ನದೇ. ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು, ಹಗ್ಗಜಗ್ಗಾಟದಿಂದ ಶುರು ಮಾಡುವ ಅಂದೆ. ಮಾಷ್‌ಗೆ ವಡಂವಲಿ (ಹಗ್ಗಜಗ್ಗಾಟದ ಮಲಯಾಳ ಹೆಸರು) ಅಂದರೆ ಪ್ರಾಣ, 1920ರವರೆಗೆ ಇದು ಒಲಿಂಪಿಕ್ಸಿನಲ್ಲೂ ಇತ್ತು ಅಂತ ಮಕ್ಕಳಿಗೆ ಭಾಷಣವನ್ನೂ ಮಾಡಿದರು. ಟೀಮ್ ಹೇಗೆ ಮಾಡುವುದು ಅಂತ ನಾನು ಯೋಚನೆಯೇ ಮಾಡಲಿಲ್ಲ. ಈ ಕಡೆ ಎಂಟು ಮಂದಿ ಕನ್ನಡದವರು, ಆ ಕಡೆ ಎಂಟು ಮಂದಿ ಮಲಯಾಳದವರು, ಅಷ್ಟೇ. ಹಗ್ಗ ಎಳೆಯುವ ಮೊದಲೇ ಕೂಗಾಟ. ಎಳೆದ ಮೇಲೆ ಯಾರದೋ ಕಾಲು ಕೆಸರಿನಲ್ಲಿ ಜಾರಿತು, ಬಿದ್ದವನು ‘ಅವರು ಗೆರೆ ದಾಟಿದ್ದಾರೆ’ ಅಂದ, ಇವರು ‘ಇಲ್ಲ’ ಅಂದರು, ಆಮೇಲೆ ಹಗ್ಗ ಒಂದು ಕಡೆ ಬಿದ್ದಿತ್ತು, ಜಗಳ ಇನ್ನೊಂದು ಕಡೆ ನಡೆಯುತ್ತಿತ್ತು. ಜಗಳ ಬಿಡಿಸಿದ್ದು ನಾನೂ ಅಲ್ಲ, ಮಾಷೂ ಅಲ್ಲ. ಧೋ ಅಂತ ಬಂತು ನೋಡಿ ಮಳೆ, ಎಲ್ಲರೂ ಹಾಲ್‌ಗೆ ಓಡಿದರು. ಒಳಗೂ ಎರಡು ಗುಂಪು, ಎರಡು ಗೋಡೆಗೆ ಒರಗಿಕೊಂಡು.

‘ಇನ್ನೇನು ಮಾಡುವುದು ಮಾಷೇ?’ ಅಂದೆ. ‘ಮಾತು ಬೇಡ ಟೀಚರೇ, ಮಾತಿಲ್ಲದ ಆಟ ಆಡಿಸುವ’ ಅಂದರು.

ಹಾಗಾಗಿ ಆಡಿಸಿದ್ದು ಹುಟ್ಟಿದ ದಿನದ ಸಾಲು. ಜನವರಿಯಿಂದ ಡಿಸೆಂಬರ್‌ವರೆಗೆ ಹುಟ್ಟಿದ ತಾರೀಕಿನ ಪ್ರಕಾರ 48 ಮಂದಿಯೂ ಒಂದೇ ಸಾಲಿನಲ್ಲಿ ನಿಲ್ಲಬೇಕು, ಬಾಯಿ ಬಿಡುವಂತಿಲ್ಲ, ಬರೆದು ತೋರಿಸುವಂತಿಲ್ಲ. ಬೆರಳೆಣಿಸಿ ತಿಂಗಳು ಹೇಳಬಹುದು. ಮೊದಲ ಎರಡು ನಿಮಿಷ ಬರೀ ಕಿಸಕಿಸ. ಆಮೇಲೆ ಒಬ್ಬಳು ಎರಡು ಕೈಯ ಹತ್ತು ಬೆರಳು ತೋರಿಸಿ, ಮತ್ತೆ ಎರಡು ಬೆರಳು ಎತ್ತಿ, ಟೋಪಿ ಹಾಕಿಕೊಂಡ ಹಾಗೆ ಮಾಡಿ ಹೊಟ್ಟೆ ಉಬ್ಬಿಸಿ ಗಡ್ಡ ನೀವಿದಳು. ಡಿಸೆಂಬರ್ 25! ಹಾಲ್‌ನ ಕೊನೆಗೆ ಹೋಗಿ ನಿಂತಳು, ಅವಳನ್ನು ನೋಡಿ ಉಳಿದವರಿಗೂ ಉಪಾಯ ಹೊಳೆಯಿತು. ಆಗಸ್ಟ್ 15ರವನು ಸೆಲ್ಯೂಟ್ ಹೊಡೆದ. ಸಾಲು ಮುಗಿದಾಗ ಮೂರೇ ಮಂದಿ ತಪ್ಪು ಜಾಗದಲ್ಲಿದ್ದರು. ನನಗೆ ಬೇಕಾದದ್ದು ಬೇರೆ ಸಿಕ್ಕಿತ್ತು. ಆ ಸಾಲಿನಲ್ಲಿ ಕನ್ನಡ, ಮಲಯಾಳ ಎಲ್ಲ ಕಲಸಿಹೋಗಿತ್ತು. ತುದಿಯಿಂದ ಎಂಟೆಂಟು ಎಣಿಸಿ ಆರು ಟೀಮ್ ಮಾಡಿದೆ. ಯಾರೂ ತಕರಾರು ತೆಗೆಯಲಿಲ್ಲ, ತೆಗೆಯುವುದಾದರೆ ಹುಟ್ಟಿದ ದಿನದ ಮೇಲೆ ತೆಗೆಯಬೇಕಿತ್ತು!

ಆಮೇಲೆ ಕೈಗಂಟು. ಎಂಟು ಮಂದಿ ವೃತ್ತವಾಗಿ ನಿಂತು ಬಲಗೈಯಲ್ಲಿ ಎದುರಿನವರೊಬ್ಬರ ಕೈ, ಎಡಗೈಯಲ್ಲಿ ಇನ್ನೊಬ್ಬರ ಕೈ ಹಿಡಿಯುವುದು. ಪಕ್ಕದವರದ್ದು ಹಿಡಿಯುವ ಹಾಗಿಲ್ಲ. ಕೈ ಬಿಡದೆ ಗಂಟು ಬಿಡಿಸಬೇಕು. ಪುಸ್ತಕದಲ್ಲಿ ಓದುವಾಗ ಸುಲಭ. ಹನ್ನೆರಡು ವರ್ಷದ ಮಕ್ಕಳಿಗೆ ಹೇಳಿ ನೋಡಿ. ‘ಟೀಚರ್, ನಾನು ಹುಡುಗಿಯರ ಕೈ ಹಿಡಿಯುದಿಲ್ಲ’ ಅಂತ ಒಬ್ಬ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹುಡುಗಿಯರೇನೂ ತಯಾರಿರಲಿಲ್ಲ ಬಿಡಿ. ಮಾಷ್ ಹೋಗಿ ಮಕ್ಕಳ ಬ್ಯಾಗಿನಿಂದ ಬೈರಾಸು (ಟವೆಲ್), ಕರ್ಚೀಫು, ಕೊಡೆಯ ಕವರು ಎಲ್ಲ ತಂದರು. ಕೈಗೆ ಬದಲು ಬೈರಾಸಿನ ಒಂದೊಂದು ತುದಿ. ಇದು ಒಳ್ಳೆಯದೇ ಆಯಿತು, ಕೈ ತಿರುಚುವ ಭಯ ಇಲ್ಲ, ಗಂಟೂ ಸಡಿಲ. ಹತ್ತು ನಿಮಿಷದಲ್ಲಿ ನಾಲ್ಕು ಟೀಮ್ ಬಿಡಿಸಿತು. ಐದನೆಯದಕ್ಕೆ ಆಗಲೇ ಇಲ್ಲ. ಆರನೆಯದು ಬಿಡಿಸಿದ್ದೇನೋ ಹೌದು, ಆದರೆ ನೋಡಿದರೆ ಎರಡು ಬೇರೆ ಬೇರೆ ವೃತ್ತ, ಸರಪಳಿಯ ಕೊಂಡಿಯ ಹಾಗೆ ಒಂದರೊಳಗೊಂದು. ಹಾಗೂ ಆಗುವುದುಂಟು, ಅದು ಅವರ ತಪ್ಪಲ್ಲ ಅಂತ ಹೇಳಿದರೂ ಒಬ್ಬಳ ಮುಖ ಊದಿಯೇ ಇತ್ತು.

ದಿನದ ನಿಜವಾದ ಮಜಾ ಇನ್ನು ಬಂತು. ಕಿವಿಮಾತಿನ ಆಟ ಎಲ್ಲರಿಗೂ ಗೊತ್ತು, ಒಬ್ಬರ ಕಿವಿಯಲ್ಲಿ ಹೇಳಿದ್ದು ಕೊನೆಯವರಿಗೆ ಹೇಗೆ ಮುಟ್ಟುತ್ತದೆ ಅಂತ. ನಾನೊಂದು ನಿಯಮ ಸೇರಿಸಿದೆ: ಕೇಳಿದ್ದನ್ನು ಮುಂದಿನವರಿಗೆ ನಿಮ್ಮ ಮನೆಮಾತಿನಲ್ಲೇ ಹೇಳಬೇಕು. ಒಂದು ಟೀಮಿನಲ್ಲೇ ಹವ್ಯಕ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ. ನಮ್ಮ ಮಕ್ಕಳಿಗೆ ಇವೆಲ್ಲ ಅರ್ಧಂಬರ್ಧವಾದರೂ ಅರ್ಥವಾಗುತ್ತವೆ. ಆ ಅರ್ಧದಲ್ಲೇ ಇರುವುದು ಕಿತಾಪತಿ.

ಏನು ಹೇಳುವುದು ಅಂತ ತೋಚದೆ ಕೈಯಲ್ಲಿದ್ದ ಹಾಜರಿ ಹಾಳೆ ನೋಡಿದೆ. ಬೆಳಿಗ್ಗೆಯ ಮಳೆಗೆ ಮೂಲೆ ನೆನೆದಿತ್ತು. ಮೊದಲಿನವಳ ಕಿವಿಯಲ್ಲಿ ಹೇಳಿದೆ: ‘ಹನಿ ಮಳೆಗೆ ಪಟ್ಟಿ ಒದ್ದೆಯಾಗಿದೆ.’ ಅವಳು ಹವ್ಯಕದಲ್ಲಿ ಸರಿಯಾಗಿಯೇ ದಾಟಿಸಿದಳು. ಮುಂದಿನವನು ತುಳುವಿನವನು, ಅವನದ್ದೂ ಸರಿಯೇ: ‘ಪನಿ ಬರ್ಸೊಗು ಪಟ್ಟಿ ಚಂಡಿ ಆಂಡ್.’ ಅದರ ಮುಂದೆ ಮಲಯಾಳದ ಹುಡುಗಿ. ಅವಳಿಗೆ ಕೇಳಿಸಿದ್ದು ಎರಡೇ ಶಬ್ದ. ಪನಿ. ಪಟ್ಟಿ. ತುಳುವಿನಲ್ಲಿ ಪನಿ ಅಂದರೆ ಹನಿ, ಮಲಯಾಳದಲ್ಲಿ ಜ್ವರ. ನಮ್ಮ ಪಟ್ಟಿ ಹೆಸರಿನ ಪಟ್ಟಿ, ಅವರ ಪಟ್ಟಿ ನಾಯಿ. ಅವಳು ಗಾಬರಿಯಿಂದ ಮುಂದೆ ಹೇಳಿದಳು: ‘ಪಟ್ಟಿಕ್ಕ್ ಪನಿ.’ ಕೊಂಕಣಿಯ ಹುಡುಗ ಅದನ್ನು ಭಕ್ತಿಯಿಂದ ಕೊಂಕಣಿಗೆ ತಂದ. ಅಲ್ಲಿಂದ ಮುಂದೆ ಅದು ಏನೇನಾಯಿತೋ, ಕೊನೆಯವನು ಎದ್ದು ನಿಂತು ಗಟ್ಟಿಯಾಗಿ ಹೇಳಿದ: ‘ಟೀಚರ್, ನಾಯಿಗೆ ಜೋರು ಜ್ವರ, ಡಾಕ್ಟರ ಹತ್ತಿರ ಕರಕೊಂಡು ಹೋಗಬೇಕಂತೆ.’

ಹಾಲ್ ಹಾರಿಹೋಗುವಷ್ಟು ನಗು. ತಪ್ಪಿದ್ದು ಎಲ್ಲಿ ಅಂತ ಹಿಂದಿನಿಂದ ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ. ತುಳು ಹುಡುಗ ಕಣ್ಣರಳಿಸಿ, ‘ನಾನು ಪನಿ ಅಂತಲೇ ಹೇಳಿದ್ದು’ ಅಂದ. ಮಲಯಾಳದ ಹುಡುಗಿ ಸೊಂಟಕ್ಕೆ ಕೈ ಇಟ್ಟು, ‘ನಾನೂ ಪನಿ ಅಂತಲೇ ಕೇಳಿದ್ದು’ ಅಂದಳು. ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡರು. ಆಮೇಲೆ ಅವನಿಗೆ ಹೊಳೆಯಿತು, ಅವಳಿಗೂ ಹೊಳೆಯಿತು, ನಗು ತಡೆಯಲಾಗದೆ ಅವನು ನೆಲದ ಮೇಲೆ ಕುಳಿತೇ ಬಿಟ್ಟ. ಬೆಳಿಗ್ಗೆ ಹಗ್ಗದ ಎರಡು ತುದಿಯಲ್ಲಿ ಕೂಗಾಡಿದವರಲ್ಲಿ ಈ ಇಬ್ಬರೂ ಇದ್ದರು.

ಅಲ್ಲಿಂದ ಆಟ ನನ್ನ ಕೈ ತಪ್ಪಿತು. ಮಕ್ಕಳೇ ವಾಕ್ಯ ಹುಡುಕತೊಡಗಿದರು. ಒಬ್ಬ, ತುಳುವಿನಲ್ಲಿ ಇಲ್ಲ್ ಅಂದರೆ ಮನೆ ಅಲ್ವಾ, ‘ಮನೆ ಇಲ್ಲ’ ಅಂತ ಕೊಡಿ ಟೀಚರ್ ಅಂದ. ಊಟದ ಬೆಲ್ ಹೊಡೆದರೂ ಏಳಲಿಲ್ಲ. ಎದ್ದವರು ಟೀಮ್ ಟೀಮಾಗಿಯೇ ಹೋಗಿ ಕುಳಿತು ಉಂಡರು, ಮಾಷ್ ನನಗೆ ಕಣ್ಣಲ್ಲೇ ತೋರಿಸಿದರು.

ಊಟದ ನಂತರ ಗೋಪುರ ಕಟ್ಟುವ ಆಟ. ಪೀಟರ್ ಸ್ಕಿಲ್‌ಮನ್ ಎಂಬವರು ಶುರು ಮಾಡಿದ್ದು, 20 ಸ್ಪಗೆಟ್ಟಿ (ಕಡ್ಡಿಯಂಥ ಒಣ ಶ್ಯಾವಿಗೆ) ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರದಲ್ಲಿ 18 ನಿಮಿಷದೊಳಗೆ ಗೋಪುರ ಕಟ್ಟಿ ತುದಿಯಲ್ಲಿ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಮಿಠಾಯಿ ಇಡಬೇಕು. ನಮ್ಮಲ್ಲಿ ಸ್ಪಗೆಟ್ಟಿ ಎಲ್ಲಿಂದ ತರುವುದು? ಹೊಸ ಹಿಡಿಸೂಡಿ (ಕಡ್ಡಿ ಪೊರಕೆ) ಬಿಚ್ಚಿ 20 ಕಡ್ಡಿ, ದಾರಕ್ಕೆ ಬಾಳೆನಾರು, ತುದಿಗೆ ಸಿಪ್ಪೆ ಸಮೇತ ಒಣಗಿದ ಅಡಿಕೆ. ಐದು ಟೀಮ್ 17ನೇ ನಿಮಿಷದವರೆಗೆ ಎತ್ತರ ಕಟ್ಟಿ, ಕೊನೆಗೆ ಅಡಿಕೆ ಇಟ್ಟವು. ಕಡ್ಡಿ ಬಿಲ್ಲಿನ ಹಾಗೆ ಬಾಗಿ, ಅಡಿಕೆ ಉರುಳಿ ಮಾಷ್‌ನ ಕಾಲಬುಡಕ್ಕೆ. ಒಂದು ಟೀಮ್ ಮಾತ್ರ ಮೊದಲೇ ಅಡಿಕೆ ಕಟ್ಟಿ, ಅದು ಬಿದ್ದಾಗಲೆಲ್ಲ ಕಾಲು ಗಟ್ಟಿ ಮಾಡುತ್ತಾ ಹೋಯಿತು. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಎತ್ತರ, ಅಷ್ಟೇ, ಆದರೆ ನಿಂತಿತು. ‘ಕೊನೆಗೆ ಅಡಿಕೆ ಇಡಲೇಬೇಕಲ್ಲ, ಮೊದಲೇ ಇಟ್ಟು ನೋಡಿದೆವು’ ಅಂದಳು ಅದನ್ನು ಕಟ್ಟಿಸಿದವಳು. ಬೆಳಿಗ್ಗೆ ಗಡ್ಡ ನೀವಿದವಳೇ.

ಸೋಮವಾರ ಹಾಜರಿ ತೆಗೆಯುವಾಗ ಏಳನೇ ಕ್ಲಾಸಿನ ಒಬ್ಬ ಬಂದಿರಲಿಲ್ಲ. ಯಾಕೆ ಅಂದೆ. ‘ಅವನಿಗೆ ಜ್ವರ ಟೀಚರ್, ಮಳೆಯಲ್ಲಿ ನೆನೆದದ್ದು’ ಅಂದ ಪಕ್ಕದವನು. ಪಾಪ, ನಿಜವಾಗಿಯೂ ಜ್ವರವೇ. ಅಷ್ಟರಲ್ಲಿ ಕಿಟಕಿಯ ಆಚೆ, ವರಾಂಡದಲ್ಲಿ ಹೋಗುತ್ತಿದ್ದ ಮಲಯಾಳ ಡಿವಿಜನ್ನಿನ ಯಾರೋ ತಲೆ ಒಳಗೆ ಹಾಕಿ ಕೇಳಿದರು:

‘ಅವನಿಗಾ, ಪಟ್ಟಿಗಾ?’