ಒಂಬತ್ತೈದ್ಲ ನಲವತ್ತೈದು ಆಗದ ಲೆಕ್ಕ

2019ರ ಮೇ 23, ಲೋಕಸಭೆ ಮತ ಎಣಿಕೆಯ ರಾತ್ರಿ. ನಾನು ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ಉಪಸಂಪಾದಕ. ಕಲಬುರಗಿಯಲ್ಲಿ ಮಲ್ಲಿಕಾರ್ಜುನ ಖರ್ಗೆ 95 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋತಿದ್ದರು. ‘ಸೋಲಿಲ್ಲದ ಸರದಾರ’ ಅಂತ ನಾವೇ ಎಷ್ಟು ಸಲ ಹೆಡ್ಡಿಂಗ್ ಕೊಟ್ಟಿದ್ದೆವೋ! ಅವರ ಶಾಸಕ ದಿನಗಳ ಬಗ್ಗೆ ಒಂದು ಬಾಕ್ಸ್ ಮಾಡಿಕೊಡು ಅಂದರು ಚೀಫ್ ಸಬ್, ಅಂದರೆ ಮುಖ್ಯ ಉಪಸಂಪಾದಕರು.

ಪುಟ ಬಿಡಲು ಇಪ್ಪತ್ತು ನಿಮಿಷ ಇತ್ತು. ಸತತ 9 ಗೆಲುವು. ಗುರುಮಠಕಲ್‌ನಿಂದ 8, ಚಿತ್ತಾಪುರದಿಂದ 1. 2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆಯಾಗಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಗಿತ್ತು, ಹಾಗಾಗಿ ಮೀಸಲು ಚಿತ್ತಾಪುರಕ್ಕೆ ಬಂದರು. ಇಷ್ಟು ಬಾಯಿಪಾಠ. ಆಮೇಲೆ ಸುಮ್ನೆ ಮಗ್ಗಿ ಹೇಳಿಕೊಂಡು, ‘45 ವರ್ಷ ವಿಧಾನಸಭೆಯಲ್ಲಿ’ ಅಂತ ದಪ್ಪಕ್ಷರದಲ್ಲಿ ಹಾಕಿದೆ.

ಪ್ರೂಫ್ ನೋಡಿ ಚೀಫ್ ಸಬ್ ನಕ್ಕರು. “ಮೊದಲ ಸಲ ಗೆದ್ದದ್ದು 1972ರಲ್ಲಿ. ಅದಕ್ಕೆ 45 ಕೂಡಿಸು. 2017 ಆಯ್ತು. ಅವರು 2009ರಲ್ಲೇ ಲೋಕಸಭೆಗೆ ಹೋದರಲ್ಲೋ ಮಾರಾಯ?”

ಹಾಳೆಯ ಹಿಂಬದಿಯಲ್ಲಿ ಅವರು ಬರೆದ ಸಾಲು ಇನ್ನೂ ಕಣ್ಣಲ್ಲಿದೆ: 72, 78, 83, 85, 89, 94, 99, 04, 08. ಒಂದೊಂದರ ನಡುವೆಯೂ ಪೆನ್ನು ನಿಲ್ಲಿಸಿ ಕಥೆ ಹೇಳಿದರು. ಮೊದಲನೆಯದು ಐದು ವರ್ಷ ದಾಟಿತ್ತು. ತುರ್ತು ಪರಿಸ್ಥಿತಿಯಲ್ಲಿ ಸದನದ ಅವಧಿಯನ್ನೇ ಆರು ವರ್ಷ ಮಾಡಿದ್ದರು. 83ರದ್ದು ಎರಡೇ ವರ್ಷ. 84ರ ಲೋಕಸಭೆಯಲ್ಲಿ ಕಾಂಗ್ರೆಸ್ ರಾಜ್ಯದ 28ರಲ್ಲಿ 24 ಸೀಟು ಬಾಚಿಕೊಂಡಿತು. ನನಗಿನ್ನು ಜನಾದೇಶ ಇಲ್ಲ ಅಂತ ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ತಾವಾಗಿಯೇ ಚುನಾವಣೆಗೆ ಹೋದರು. ಈಗಿನವರು ಯಾರಾದರೂ ಹಾಗೆ ಮಾಡುತ್ತಾರಾ? ನಂಬಿಕೆ ಇಲ್ಲ. 89ರಲ್ಲಿ ಬೊಮ್ಮಾಯಿ ಸರ್ಕಾರ ವಜಾ. 2004ರ ಸದನ ಮೂರು ಮುಖ್ಯಮಂತ್ರಿಗಳನ್ನು ಕಂಡು 2007ರಲ್ಲೇ ಮುಗಿಯಿತು. 2008ರಲ್ಲಿ ಗೆದ್ದ ಮೇಲೆ ಖರ್ಗೆ ಅಲ್ಲಿದ್ದದ್ದು ಒಂದು ವರ್ಷ, ಅಷ್ಟೇ.

ಅಂತೂ 72ರಿಂದ 2009ರವರೆಗೆ, ನಡುವೆ ಸದನವೇ ಇಲ್ಲದ ತಿಂಗಳುಗಳನ್ನೂ ಸೇರಿಸಿ, ಒಟ್ಟು 37 ವರ್ಷ. ಎಂಟು ವರ್ಷ ನಾನು ಮಗ್ಗಿಯಿಂದ ಸೇರಿಸಿದ್ದೆ.

ಅವತ್ತಿನಿಂದ ಯಾವ ಶಾಸಕರ ಬಗ್ಗೆ ಬರೆದರೂ ಮೊದಲು ಇಸವಿಗಳನ್ನು ಸಾಲಾಗಿ ಬರೆದುಕೊಳ್ಳುತ್ತೇನೆ. ಗೆದ್ದ ಇಸವಿ, ಸದನ ಬಿಟ್ಟ ಇಸವಿ, ಕ್ಷೇತ್ರ. ‘ಐದು ಬಾರಿ ಶಾಸಕ’ ಅಂತ ಬಂದರೆ ಸತತವಾ, ನಡುವೆ ಸೋತಿದ್ದರಾ, ಅದರಲ್ಲಿ ಉಪಚುನಾವಣೆ ಎಷ್ಟು ಅಂತ ವರದಿಗಾರರಿಗೆ ಫೋನ್ ಮಾಡುತ್ತೇನೆ. ಬೈದುಕೊಳ್ಳುತ್ತಾರೆ, ಇರಲಿ.

37 ಅಂತ ತಿದ್ದಿ ನಿರಾಳವಾಗಿ ಮನೆಗೆ ಹೋದೆ. ಬೆಳಿಗ್ಗೆ ಗುರುಮಠಕಲ್ ಕಡೆಯ ಓದುಗರೊಬ್ಬರು ಕಚೇರಿಗೆ ಫೋನ್ ಮಾಡಿದರು. “ಎಪ್ಪತ್ತೆರಡರಾಗ ‘ಕರ್ನಾಟಕ ವಿಧಾನಸಭೆ’ಗೆ ಆರಿಸಿ ಬಂದ್ರು ಅಂತ ಹಾಕೀರಲ್ಲ, ಆಗ ಕರ್ನಾಟಕ ಎಲ್ಲಿತ್ತರೀ? ಮೈಸೂರು ರಾಜ್ಯ ಅಲ್ಲೇನ್ರೀ?”

ಹೌದು. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಮರುದಿನ ಒಳಪುಟದ ಮೂಲೆಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕಿದೆವು. ಅದನ್ನು ಬರೆದವನೂ ನಾನೇ.