ಮಂಗಳೂರಿನಿಂದ ಕಾರವಾರಕ್ಕೆ: ಮೀನಿನ ಜಾಡು ಹಿಡಿದು ಹೊರಡುವವರಿಗೆ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟು ಎಲ್ಲೂ ನಿಲ್ಲದೆ ಓಡಿಸಿದರೆ ಮಧ್ಯಾಹ್ನದ ಊಟಕ್ಕೆ ಕಾರವಾರ ಸೇರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ನಾನೂ ನಮ್ಮ ಯಜಮಾನರೂ ಈ ದಾರಿಯನ್ನು ಕಾರಿನಲ್ಲಿ ನಿಧಾನವಾಗಿ ಮುಗಿಸಿದೆವು. ನೋಡಬೇಕಾದ ಕಡಲತೀರಗಳ ಪಟ್ಟಿ ಹಿಡಿದು ಹೋಗಲಿಲ್ಲ. ಯಾವ ಊರಿನಲ್ಲಿ ಯಾವ ಮೀನು, ಯಾವ ಹೊತ್ತಿನಲ್ಲಿ ಎಂದು ವಿಚಾರಿಸಿಕೊಂಡು ಅದರಂತೆ ನಿಲ್ಲುತ್ತಾ ಹೋದೆವು. ಈ ಕರಾವಳಿಯ ಸಾರು ಹೊಳೆ ದಾಟಿದಂತೆಲ್ಲ ಬದಲಾಗುತ್ತದೆ. ಅದನ್ನು ನಾಲಿಗೆಯಲ್ಲೇ ತಿಳಿಯಬೇಕೆಂದರೆ ನಾಲ್ಕೈದು ದಿನವಾದರೂ ಬೇಕು, ದಿನಕ್ಕೆ ಅರವತ್ತು ಎಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ಓಡಿಸಲೂ ಬಾರದು.

ಮೊದಲು ಕಾಲದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮರಿ ಹಾಕುವ ಕಾಲ ಅದು, ಸಮುದ್ರವೂ ಒರಟಾಗಿರುತ್ತದೆ. ಆಗ ನಾಡದೋಣಿಯವರು ತರುವುದು ಮತ್ತು ಹೊಳೆಯ ಮೀನು ಮಾತ್ರ ತಾಜಾ. ಹೋಟೆಲಿನ ತಟ್ಟೆಗೆ ಬರುವುದರಲ್ಲಿ ಹೆಚ್ಚಿನದು ಶೀತಲಗೃಹದ ಸರಕು. ಮಳೆಗಾಲದಲ್ಲಿ ರಸ್ತೆಯನ್ನೂ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಯಾರೂ ಮರೆತಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಒಳ್ಳೆಯದು. ಮಾರ್ಚ್ ಬಂತೆಂದರೆ ಸೆಕೆ ತಡೆಯುವುದಿಲ್ಲ. ಮಧ್ಯಾಹ್ನ ಮೀನೂಟ ಮಾಡಿ ಕಾರು ಹತ್ತುವುದೇ ಶಿಕ್ಷೆಯಾಗುತ್ತದೆ.

ಮಂಗಳೂರಿನಲ್ಲಿ ಒಂದು ಹೊತ್ತಿನ ಊಟವನ್ನಾದರೂ ಪೇಟೆಯ ಸಣ್ಣ ಹೋಟೆಲಿನಲ್ಲಿ ಮಾಡಿ. ಮೀನೂಟವೆಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಹುರಿದ ಮೀನನ್ನು ಬೇರೆಯಾಗಿ ಹೇಳಬೇಕು, ಅದರ ದರ ಗಾತ್ರದ ಮೇಲೆ ಹೋಗುತ್ತದೆ. ಹಾಗಾಗಿ ಮೀನನ್ನು ನೋಡಿ, ಬೆಲೆ ಕೇಳಿ, ಆಮೇಲೆ ಹೂಂ ಅನ್ನಿ. ಇದರಲ್ಲಿ ಸಂಕೋಚ ಬೇಡ, ಅಲ್ಲಿಯವರೂ ಹಾಗೆಯೇ ಮಾಡುತ್ತಾರೆ.

ನಮ್ಮವರು ಹಾಸನದ ಕಡೆಯವರು, ಕೆರೆ ಮೀನು ತಿಂದು ಬೆಳೆದವರು. ಮುಳ್ಳೆಂದರೆ ಅವರಿಗೆ ಅಂಜಿಕೆ. ಅಂಥವರು ಕಾಣೆ ಮೀನಿನಿಂದ ಶುರುಮಾಡಬೇಕು. ರವೆ ಹಚ್ಚಿ ಕಾವಲಿಯ ಮೇಲೆ ಹುರಿದ ಕಾಣೆಯ ಮೇಲ್ಪದರ ಬೆರಳಿಗೆ ಗರಿಗರಿ ಸಿಕ್ಕರೆ, ಒಳಗಿನ ಬಿಳಿ ಮಾಂಸ ತಾನಾಗಿ ಬಿಟ್ಟುಕೊಂಡು ಬರುತ್ತದೆ. ನಡುವಿನ ಮುಳ್ಳನ್ನು ತಲೆಯಿಂದ ಬಾಲದವರೆಗೆ ಒಂದೇ ಎಳೆತಕ್ಕೆ ತೆಗೆಯಬಹುದು. ಆಮೇಲೆ ಅಂಜಲ್ ತುಂಡು, ಆಮೇಲೆ ಬಂಗುಡೆ ಪುಳಿಮುಂಚಿ. ಹುಣಸೆಹುಳಿ ಮತ್ತು ಒಣಮೆಣಸಿನ ಈ ಗಟ್ಟಿ ಮಸಾಲೆಗೆ ನೀರುದೋಸೆಯೇ ಜೋಡಿ. ಬೂತಾಯಿಗೆ ರುಚಿ ಹೆಚ್ಚು, ಮುಳ್ಳೂ ಹೆಚ್ಚು. ಕೈ ಪಳಗಿದ ಮೇಲೆ ಕೇಳಿ.

ಉಡುಪಿಯತ್ತ ಹೊರಟಾಗ ಕಾಪುವಿನಲ್ಲಿ ಹೆದ್ದಾರಿ ಬಿಡಿ. ಬಂಡೆಯ ಮೇಲಿನ 1901ರ ದೀಪಸ್ತಂಭವನ್ನು ಸಂಜೆ ಹೊತ್ತು ಹತ್ತಲು ಬಿಡುತ್ತಾರೆ. ಅಲ್ಲಿಂದ ಮಲ್ಪೆಗೆ ಮಟ್ಟುವಿನ ಮೇಲೆ ಹೋಗುವ ಕಡಲ ಬದಿಯ ಸಣ್ಣ ರಸ್ತೆಯೇ ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ಹಿಡಿಸಿದ ದಾರಿ: ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ತೋಟ ಮತ್ತು ಬಲೆ ಒಣಗಲು ಹಾಕಿದ ಅಂಗಳಗಳು. ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳ ಬದನೆಯ ಊರು ಇದೇ. ಎದುರು ಬಸ್ಸು ಬಂದರೆ ಒಬ್ಬರು ಹಿಂದೆ ಸರಿಯಬೇಕಾಗುವಷ್ಟು ಇಕ್ಕಟ್ಟು. ಕತ್ತಲಾದ ಮೇಲೆ ಬೇಡ.

ಮಲ್ಪೆ ಬಂದರನ್ನು ನಸುಕಿನಲ್ಲಿ ನೋಡಿ. ದೋಣಿಗಳಿಂದ ಬುಟ್ಟಿಗಳು ಇಳಿಯುತ್ತಿರುತ್ತವೆ, ಮಂಜುಗಡ್ಡೆ ಪುಡಿ ಮಾಡುವ ಯಂತ್ರ ಗರಗರ ಅನ್ನುತ್ತದೆ, ಏಲಂ ಕೂಗುವವರ ಸುತ್ತ ಮೀನು ಮಾರುವ ಹೆಂಗಸರು ಸೇರಿರುತ್ತಾರೆ. ಅವರ ಕಣ್ಣು ನಮ್ಮ ಕಣ್ಣಿನ ಹಾಗಲ್ಲ. ಒಬ್ಬ ತಾಯಿ ಬಂಗುಡೆಯ ಕಿವಿರನ್ನು ಹೆಬ್ಬೆರಳಿನಿಂದ ಎತ್ತಿ, "ನೋಡಿ ಅಕ್ಕ, ಹೀಗೆ ಕೆಂಪಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ತೆಗೆದುಕೊಳ್ಳಬೇಡಿ" ಎಂದು ಹೇಳಿಕೊಟ್ಟರು. ಬೆನ್ನಿನ ಹಸಿರುನೀಲಿ ಪಟ್ಟೆ ಹೊಳೆಯಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಒತ್ತಿದ ಕಡೆ ಗುಳಿ ನಿಲ್ಲಬಾರದು. ನಾವು ಉಳಿದ ಮನೆಯವರು ಅಡುಗೆ ಮಾಡಿಕೊಡುವುದಾಗಿ ಮೊದಲೇ ಒಪ್ಪಿದ್ದರಿಂದ ಅಲ್ಲೇ ಬಂಗುಡೆ ಕೊಂಡೆವು. ಹೋಂಸ್ಟೇ ಗೊತ್ತುಮಾಡುವಾಗ ಈ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ. ಬಂದರಿನ ನೆಲ ಜಾರುತ್ತದೆ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಕೆಲಸದವರ ದಾರಿಗೆ ಅಡ್ಡ ನಿಂತು ಫೋಟೋ ತೆಗೆಯಬೇಡಿ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು, ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಕಂಬಗಳು ಅಲ್ಲಿ ಸಾಲಾಗಿ ನಿಂತಿವೆ. ನೆರಳು ಕಡಿಮೆ, ಮೊದಲ ದೋಣಿಗೇ ಹೋಗಿ ಬನ್ನಿ.

ಉಡುಪಿ ಪೇಟೆಯಲ್ಲಿ ಮೀನನ್ನು ಒಂದು ಹೊತ್ತು ಮರೆತು ಮಠದ ಸುತ್ತಲಿನ ಬೀದಿಗಳಲ್ಲಿ ತಿರುಗಾಡಿ, ಗೋಳಿಬಜೆ ತಿನ್ನಿ. ಹೊಟ್ಟೆಗೂ ಬಿಡುವು ಬೇಕು.

ಕುಂದಾಪುರದ ನಂತರ ಮರವಂತೆ. ಹೆದ್ದಾರಿಯ ಒಂದು ಪಕ್ಕ ಅರಬ್ಬೀ ಸಮುದ್ರ, ಮತ್ತೊಂದು ಪಕ್ಕ ಸೌಪರ್ಣಿಕಾ. ಎಲ್ಲರೂ ಇಲ್ಲಿ ನಿಲ್ಲುತ್ತಾರೆ, ಲಾರಿಗಳು ಮಾತ್ರ ವೇಗ ತಗ್ಗಿಸುವುದಿಲ್ಲ. ಗಾಡಿಯನ್ನು ಪೂರ್ತಿ ಬದಿಗೆ ಹಾಕಿ, ರಸ್ತೆ ದಾಟಿ ಫೋಟೋ ತೆಗೆಯುವ ಆಸೆ ಬಿಡಿ. ಬೈಂದೂರಿನ ಒತ್ತಿನೆಣೆಯ ಎತ್ತರದಿಂದ ಸೂರ್ಯಾಸ್ತ ನೋಡಲು ಇದಕ್ಕಿಂತ ನೆಮ್ಮದಿಯಿದೆ. ಮುರುಡೇಶ್ವರದ 123 ಅಡಿಯ ಶಿವನಿಗೂ ಗೋಪುರದ ಲಿಫ್ಟಿಗೂ ರಜಾ ದಿನಗಳಲ್ಲಿ ಉದ್ದ ಸಾಲಿರುತ್ತದೆ, ವಾರದ ನಡುವೆ ಹೋಗಿ. ಅಲೆ ಜೋರಿದ್ದಾಗ ರಕ್ಷಕರು ನೀರಿಗೆ ಇಳಿಯಬೇಡಿ ಎಂದರೆ ಇಳಿಯಲೇಬೇಡಿ. ಈಜು ಬಲ್ಲವರಿಗೂ ಈ ಮಾತು ಅನ್ವಯಿಸುತ್ತದೆ. ಮುರುಡೇಶ್ವರಕ್ಕೂ ಮೊದಲು ಸಿಗುವ ಭಟ್ಕಳದಲ್ಲಿ ನವಾಯತ ಮುಸ್ಲಿಮರ ಶಾವಿಗೆ ಬಿರಿಯಾನಿ ಸಿಕ್ಕರೆ ಬಿಡಬೇಡಿ.

ಇಲ್ಲಿಂದ ಮುಂದೆ ಊಟದ ಸ್ವಭಾವವೇ ಬೇರೆ. ಹುಣಸೆಯ ಜಾಗಕ್ಕೆ ಮುರುಗಲು ಬರುತ್ತದೆ, ಸಾರಿನಲ್ಲಿ ತೆಪ್ಪಲವೆಂಬ ಘಮದ ಮಸಾಲೆಯ ಕಾಳು ತೇಲುತ್ತದೆ. ಅದನ್ನು ಜಗಿಯಬಾರದು, ಬದಿಗಿಡಬೇಕು. ಅದರ ಘಮ ಬಂಗುಡೆಯ ಹಸಿವಾಸನೆಯನ್ನು ಪೂರ್ತಿ ಅಳಿಸಿಬಿಡುತ್ತದೆ. ಮೀನಿನ ಹೆಸರುಗಳೂ ಬದಲಾಗುವುದರಿಂದ ಇಷ್ಟು ನೆನಪಿರಲಿ: ಬೂತಾಯಿ ಇಲ್ಲಿ ತಾರ್ಲೆ, ಅಂಜಲ್ ಇಲ್ಲಿ ಇಸ್ವಾಣ, ಕಾಣೆ ಕಾರವಾರದಲ್ಲಿ ನೊಗ್ಲಿ, ಮರುವಾಯಿ ಎಂಬ ಚಿಪ್ಪುಮೀನು ಕುಮಟಾದ ಕಡೆ ಬಳಚು.

ಬಳಚಿಗಾಗಿಯೇ ಅಘನಾಶಿನಿಯ ಅಳಿವೆಗೆ ಒಂದು ದಿನ ಕೊಡಿ. ಅಣೆಕಟ್ಟಿಲ್ಲದೆ ಸಮುದ್ರ ಸೇರುವ ಹೊಳೆ ಇದು. ಇದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ನೀರು ಇಳಿದ ಹೊತ್ತಿನಲ್ಲಿ ಊರಿನ ಹೆಂಗಸರು ಗಂಡಸರು ಸೊಂಟಮಟ್ಟದ ನೀರಿನಲ್ಲಿ ನಿಂತು, ಕಾಲಿನಿಂದಲೇ ತಳ ತಡವಿ ಚಿಪ್ಪು ಎತ್ತುತ್ತಾರೆ. ನಾವು ದಡದಲ್ಲಿ ನಿಂತು ನೋಡುತ್ತಿದ್ದಾಗ ನಮ್ಮವರು, "ಇಷ್ಟು ಹೊತ್ತು ಬಗ್ಗಿ ಎದ್ದು ಮಾಡುವ ಕೆಲಸಕ್ಕೆ ಸಂತೆಯಲ್ಲಿ ನಾವು ಚೌಕಾಶಿ ಮಾಡುತ್ತೇವಲ್ಲ" ಎಂದರು. ಆಮೇಲೆ ನಾವು ಎಲ್ಲೂ ಬಳಚಿಗೆ ಬೆಲೆ ಇಳಿಸಲು ಕೇಳಲಿಲ್ಲ, ನೀವೂ ಕೇಳಬೇಡಿ. ತೆಂಗಿನಕಾಯಿ ತುರಿ ಹಾಕಿದ ಬಳಚಿನ ಸುಕ್ಕವನ್ನು ಬಿಸಿ ಇರುವಾಗಲೇ ತಿನ್ನಬೇಕು. ಬೇಯಿಸಿದರೂ ಬಾಯಿ ಬಿಡದ ಚಿಪ್ಪನ್ನು ತಿನ್ನದೆ ಎತ್ತಿಡಿ. ಉಬ್ಬರ ಇಳಿತದ ಸಮಯ ದಿನವೂ ಮುಂದೆ ಹೋಗುತ್ತದೆ, ಹಿಂದಿನ ಸಂಜೆಯೇ ಊರಿನವರನ್ನು ಕೇಳಿಟ್ಟುಕೊಳ್ಳಿ. ಹತ್ತಿರದಲ್ಲೇ ಜಂಬಿಟ್ಟಿಗೆಯ ಮಿರ್ಜಾನ್ ಕೋಟೆ ಇದೆ, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಿವೆ. ಗೋಕರ್ಣದಲ್ಲಿ ಉಳಿಯುವುದಾದರೆ ದೇವಸ್ಥಾನದ ಓಣಿಗಳಿಗೆ ಕಾರು ತರಬೇಡಿ, ಊರ ಹೊರಗೆ ನಿಲ್ಲಿಸಿ ನಡೆಯಿರಿ.

ರಸ್ತೆಯ ಬಗ್ಗೆ ಎರಡು ಮಾತು. ಚತುಷ್ಪಥ ಬಹುಪಾಲು ಆಗಿದೆ, ಆದರೆ ಕೆಲವೆಡೆ ಕಾಮಗಾರಿಯಿಂದ ಒಮ್ಮೆಗೇ ಎದುರುಬದುರಾಗಿ ಓಡಿಸಬೇಕಾಗುತ್ತದೆ. ರಾತ್ರಿ ಪ್ರಯಾಣ ಬೇಡವೆನ್ನುವುದು ಇದಕ್ಕೇ. ಹೆಜಮಾಡಿ, ಸಾಸ್ತಾನ, ಬೈಂದೂರು ಬಳಿಯ ಶಿರೂರು ಹೀಗೆ ದಾರಿಯಲ್ಲಿ ಟೋಲ್‌ಗಳಿವೆ, ಫಾಸ್ಟ್ಯಾಗ್‌ನಲ್ಲಿ ಹಣವಿರಲಿ. ಮೀನು ಮಾರುವವರ ಬಳಿ ಮಾತ್ರ ನಗದು ಸುಲಭ.

ಕಾರವಾರಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ಸೇರುವಂತೆ ಹೊರಡಿ, ಎರಡು ಗಂಟೆ ದಾಟಿದರೆ ಒಳ್ಳೆಯ ಮೀನು ಮುಗಿದಿರುತ್ತದೆ. ತರುಣ ಟ್ಯಾಗೋರ್ ನ್ಯಾಯಾಧೀಶರಾಗಿದ್ದ ಅಣ್ಣನ ಜೊತೆ ತಂಗಿದ್ದ ಊರು ಇದು. ಕಡಲತೀರಕ್ಕೆ ಅವರದೇ ಹೆಸರು. ತೀರದಲ್ಲಿ ಯುದ್ಧನೌಕೆ ಚಪಲ್ ವಸ್ತುಸಂಗ್ರಹಾಲಯವಾಗಿ ನಿಂತಿದೆ. ತಟ್ಟೆಯಲ್ಲಿ ಇಸ್ವಾಣದ ತುಂಡು, ತೆಪ್ಪಲದ ಸಾರು, ಕೊನೆಗೆ ಕುಡಿಯಲು ಮುರುಗಲಿನ ಸೋಲ್ ಕಡಿ. ಹೋಟೆಲಿನವರನ್ನು "ಇವತ್ತು ಯಾವುದು ಹೊಸತು?" ಎಂದು ಕೇಳಿ, ಅವರು ಹೇಳಿದ್ದನ್ನೇ ತರಿಸಿ. ಪಾಪ್ಲೆಟ್ಟೇ ಬೇಕೆಂದು ಹಟ ಹಿಡಿದವರಿಗೆ ಸಿಗುವುದಕ್ಕಿಂತ ಒಳ್ಳೆಯ ಊಟ ನಿಮಗೆ ಸಿಗುತ್ತದೆ.

ಜೊತೆಗೆ ಬಡಿಸುವ ಕಿಸ್ಮೂರು ಹಿಡಿಸಿದರೆ ಮಾರುಕಟ್ಟೆಯಲ್ಲಿ ಒಣ ಸೀಗಡಿ ಕೊಳ್ಳಿ. ಕೈಗೆ ಅಂಟದಷ್ಟು ಒಣಗಿರಬೇಕು, ಮುರಿದರೆ ಚಟ್ಟೆನ್ನಬೇಕು. ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಸಿ, ಅದರ ಮೇಲೆ ಮುಚ್ಚಳದ ಡಬ್ಬಿಗೆ ಹಾಕಿ ಡಿಕ್ಕಿಯಲ್ಲಿಡಿ. ಅಂಕೋಲಾಕ್ಕೆ ಹಿಂದಿರುಗಿ ಅರಬೈಲು ಘಾಟಿ ಹತ್ತಿ ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ಬರುವುದು ದೊಡ್ಡ ದಾರಿ, ಕಿಟಕಿ ಮುಚ್ಚಿದ ಕಾರಿನಲ್ಲಿ ಆ ವಾಸನೆ ನಿಲ್ಲುತ್ತದೆ. ಮನೆಯಲ್ಲಿ ತಲೆ ಬಾಲ ಮುರಿದು ಒಣ ಬಾಣಲೆಯಲ್ಲಿ ಹುರಿದು, ಹಸಿ ಈರುಳ್ಳಿ, ಕಾಯಿತುರಿ, ಕೊಂಚ ಹುಳಿ, ಖಾರಪುಡಿ ಕಲಸಿದರೆ ಕಿಸ್ಮೂರು ತಯಾರು. ಕಲಸಿದ ತಕ್ಷಣ ತಿನ್ನಿ, ಹೊತ್ತಾದರೆ ಮೆತ್ತಗಾಗುತ್ತದೆ.