ಆರರ ಜಾಗಕ್ಕೆ ಏಳು: ತೋಟದ ಗಾಡಿಯ ಪ್ಲಗ್ ಪುರಾಣ

ಸ್ಪಾರ್ಕ್ ಪ್ಲಗ್ ಕೊನೆಗೂ ಕೂತಿತು. ನಾನೇ ಕಟ್ಟಿದ ಗಾಡಿ ಈಗ ತೆಂಗಿನಕಾಯಿ ಹೊತ್ತು ಹಿರಿಯಡ್ಕದ ನಮ್ಮ ತೋಟದ ಏರನ್ನು ಕೆಮ್ಮದೆ ಹತ್ತುತ್ತದೆ. ಚೈನು, ಕ್ಲಚ್ಚು, ವೆಲ್ಡಿಂಗ್ ಕಥೆ ಬಿಡಿ, ಅವೆಲ್ಲ ಹೇಳಿದ ಮಾತು ಕೇಳಿದವು. ಸತಾಯಿಸಿದ್ದು ಇಂಜಿನ್ ಹೆಡ್ಡಿನಲ್ಲಿ ಪ್ಲಗ್ ಕೂರುವ ಒಂದೇ ಒಂದು ತೂತು.

ಇಂಜಿನ್ ಹಳೆಯ ಪಂಪಿನಿಂದ ಕಳಚಿದ ಹೋಂಡಾ ಜಿಎಕ್ಸ್160. ಅದಕ್ಕೆ ಹಾಕಬೇಕಾದದ್ದು ಎನ್‌ಜಿಕೆ ಕಂಪನಿಯ ಬಿಪಿಆರ್6ಇಎಸ್ ಪ್ಲಗ್. ಒಳಗೆ ಕೂತಿದ್ದದ್ದು ಅದೇ ಕಂಪನಿಯ ಬಿಪಿ6ಎಚ್‌ಎಸ್. ದಪ್ಪ ಅದೇ 14 ಮಿ.ಮೀ., ಬಿಚ್ಚುವ ಸಾಕೆಟ್ ಅದೇ 21, ಕಾವಿನ ದರ್ಜೆಯ ಅಂಕಿಯೂ ಅದೇ ಆರು. ಆದರೆ ‘ಇ’ ಇದ್ದರೆ ಥ್ರೆಡ್ಡಿನ (ತಿರುಪಿನ ಗೆರೆಗಳ) ಉದ್ದ 19 ಮಿ.ಮೀ., ‘ಎಚ್’ ಇದ್ದರೆ 12.7. ಹಿಂದೆ ಯಾರೋ ಮಹಾನುಭಾವರು ‘ತಿರುಗಿತು, ಕಿಡಿ ಬಂತು, ಆಯಿತು’ ಎಂದು ಕೈ ಒರೆಸಿಕೊಂಡಿದ್ದಾರೆ. ಹೀಗಾಗಿ ಕಿಡಿ ಹಾರುತ್ತಿದ್ದದ್ದು ಬಾವಿಯೊಳಗೆ ಹಚ್ಚಿಟ್ಟ ದೀಪದ ಹಾಗೆ. ಇಂಜಿನ್ ಶುರುವಾಗುತ್ತಿತ್ತು, ಭಾರ ಬಿದ್ದೊಡನೆ ಸೊರಗುತ್ತಿತ್ತು. ಖಾಲಿ ಉಳಿದ ಆರು ಚಿಲ್ಲರೆ ಮಿ.ಮೀ. ಥ್ರೆಡ್ಡಿನಲ್ಲಿ ಮಸಿ ಕಲ್ಲಾಗಿತ್ತು.

ಉಡುಪಿಯ ಅಂಗಡಿಯಲ್ಲಿ ಬಿಪಿಆರ್6ಇಎಸ್ ಮುಗಿದಿತ್ತು. “ಬಾಷ್ ಕೊಡುತ್ತೇನೆ ಮಾರಾಯರೇ, ಇದೂ ಆರೇ” ಎಂದು ಡಬ್ಲ್ಯುಆರ್6ಡಿಸಿ ಮುಂದಿಟ್ಟರು. ಎನ್‌ಜಿಕೆಯ ಲೆಕ್ಕದಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಣ್ಣಗಿನದು (ತನ್ನ ಕಾವನ್ನು ಬೇಗ ಬಿಟ್ಟುಕೊಡುವಂಥದು), ಬಾಷ್‌ನಲ್ಲಿ ಏರಿದಷ್ಟೂ ಬಿಸಿಯದು. ಎನ್‌ಜಿಕೆಯ ಆರಕ್ಕೆ ಬಾಷ್‌ನಲ್ಲಿ ಜೋಡಿ ಏಳು. ಬಾಷ್‌ನ ಆರು ಹಾಕಿದರೆ ಒಂದು ಮೆಟ್ಟಿಲು ತಂಪು. ಅರೆ ಥ್ರಾಟಲ್‌ನಲ್ಲಿ ತೆವಳುವ ನನ್ನ ಗಾಡಿಯಲ್ಲಿ ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುವಷ್ಟು ಕಾಯುವುದೇ ಇಲ್ಲ. ಇದನ್ನೆಲ್ಲ ಹೇಳಿ ಏಳು ಕೇಳಿದರೆ, “ದೊಡ್ಡ ನಂಬರಾದರೆ ರೇಟೂ ಹೆಚ್ಚು” ಎಂಬ ಉತ್ತರ ಬಂತು. ಥ್ರೆಡ್ಡಿನ ಉದ್ದ ಪರೀಕ್ಷಿಸಲಾದರೂ ಆದೀತು ಎಂದು ಆರನ್ನೇ ತಂದೆ. ಬೆರಳಿನಲ್ಲಿ ಮೂರನೇ ಎರಡು ಭಾಗ ಸಲೀಸಾಗಿ ಇಳಿದು ಗಕ್ಕನೆ ನಿಂತಿತು. ಹಳೆಯ ಪ್ಲಗ್ ಮುಗಿಯುತ್ತಿದ್ದ ಜಾಗ ಸರಿಯಾಗಿ ಅದೇ.

ಅಲ್ಯೂಮಿನಿಯಂ ಹೆಡ್ಡಿನ ಮೇಲೆ ಸ್ಪ್ಯಾನರಿನ ಪೌರುಷ ತೋರಿಸಬಾರದು ಎಂದು ನಿಮಗೆ ಹೇಳಬೇಕಿಲ್ಲ. ಥ್ರೆಡ್ ಕಡಿಯುವ ಉಪಕರಣ, ಅಂದರೆ ಟ್ಯಾಪ್, ಹುಡುಕಿ ಹೊರಟೆ. 14ರ ಟ್ಯಾಪ್ ಎಂದರೆ ಎಲ್ಲರ ಡಬ್ಬಿಯಲ್ಲೂ ಇರುವುದು 2.0 ಅಥವಾ 1.5 ಪಿಚ್ (ಥ್ರೆಡ್ಡಿನ ಒಂದು ಗೆರೆಯಿಂದ ಮುಂದಿನದಕ್ಕೆ ಇರುವ ಅಂತರ). ಪ್ಲಗ್ಗಿನದ್ದು 1.25. ಮಂಗಳೂರಿನ ಬಂದರು ಬದಿಯ ಅಂಗಡಿಯೊಬ್ಬರು 1.5ನ್ನು ಕೈಗಿತ್ತು, “ಸ್ವಲ್ಪ ಬಿಗಿ ಬರುತ್ತದೆ, ಅಷ್ಟೇ” ಎಂದರು. ಬಿಗಿ ಬರುವುದು ನಿಜ. ಆಮೇಲೆ ಹೆಡ್ಡೇ ಉಪಯೋಗಕ್ಕೆ ಬರುವುದಿಲ್ಲ.

ಈ ಅಲೆದಾಟದಲ್ಲಿ ಮಲ್ಪೆಯ ಒಂದು ಶೆಡ್ಡಿನ ಮೂಲೆಯಲ್ಲಿ ದೋಣಿಗೆ ಹಾಕುವ ಸೀಮೆಎಣ್ಣೆಯ ಹಳೆಯ ಔಟ್‌ಬೋರ್ಡ್ ಇಂಜಿನ್ ಕಣ್ಣಿಗೆ ಬಿತ್ತು. ಉಪ್ಪುಗಾಳಿಗೆ ಅದರ ಪ್ಲಗ್ ಹೆಡ್ಡಿನೊಂದಿಗೆ ಸಂಸಾರ ಹೂಡಿದೆ. ಮಳೆಗಾಲದ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಾಲೀಕರು ಹೇಳುವ ಬೆಲೆ ಇನ್ನೂ ದಡಕ್ಕೆ ಬಂದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಟ್ಯಾಪ್ ಸಿಗಲೇ ಇಲ್ಲ, ಕೆಲಸಕ್ಕೆ ಬಂದದ್ದು ಬೇಡದ ಆ ಆರೇ. ಅದರ ಥ್ರೆಡ್ 14×1.25, ಉದ್ದ 19. ತ್ರಿಕೋನ ಅರದಿಂದ ಥ್ರೆಡ್ಡಿನ ಉದ್ದಕ್ಕೂ ನಾಲ್ಕು ಕಡೆ ಕಾಲುವೆ ಕೊರೆದೆ, ಅಂಚಿನ ಮುಳ್ಳು ತೆಗೆದೆ, ಕಾಲುವೆಗಳಿಗೆ ಗ್ರೀಸ್ ತುಂಬಿದೆ. ಹೆಡ್ ಬಿಚ್ಚಿ ಮೇಜಿನ ಮೇಲಿಟ್ಟು, ಮಸಿಗೆ ಕಾರ್ಬ್ಯುರೇಟರ್ ಕ್ಲೀನರ್ ಕುಡಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಕಾಲು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಪ್ರತಿ ಸಲ ಹೊರಗೆ ತೆಗೆದು ಒರೆಸಿ ಹೊಸ ಗ್ರೀಸ್. ಕಾಲುವೆಗಳಲ್ಲಿ ಕರಿ ಪುಡಿ ತುಂಬಿ ಬಂತು, ಹೊಳೆಯುವ ಚೂರು ಒಂದೂ ಇಲ್ಲ. ಅಂದರೆ ಕಡಿಯುತ್ತಿದ್ದದ್ದು ಮಸಿಯನ್ನು, ಹೆಡ್ಡನ್ನಲ್ಲ. ಕಡೆಗೆ ಅದು ಬೆರಳಿನಲ್ಲೇ ತಳದವರೆಗೆ ಇಳಿದಾಗ ನಾನು ಹಾಕಿದ ಕೂಗಿಗೆ ನಾಯಿ ಎದ್ದು ಹೋಯಿತು.

ಡಬ್ಲ್ಯುಆರ್7ಡಿಸಿ ಮಂಗಳೂರಿನಲ್ಲೇ ಸಿಕ್ಕಿತು, ಬೆಲೆ ಆರರದ್ದೇ. ಹೋಂಡಾಕ್ಕೆ ಬೇಕಾದ ಗ್ಯಾಪ್ (ಕಿಡಿ ಹಾರುವ ಸಂದು) 0.7ರಿಂದ 0.8 ಮಿ.ಮೀ. ಪೆಟ್ಟಿಗೆಯನ್ನು ನಂಬದೆ ಸಂದು ಅಳೆಯುವ ಫೀಲರ್ ಗೇಜ್ ಹಾಕಿ ನೋಡಿ. ಕೈಯಲ್ಲಿ ಕೂರುವವರೆಗೆ ತಿರುಗಿಸಿ, ಹೊಸ ವಾಷರ್ ಅಮುಕಲು ಸ್ಪ್ಯಾನರಿನಲ್ಲಿ ಅರ್ಧ ಸುತ್ತು, ಅಷ್ಟೇ. ಏರು ಹತ್ತಿಸಿ ಬಿಚ್ಚಿ ನೋಡಿದರೆ ಮೂತಿ ತಿಳಿ ಕಂದು, ಅಂದರೆ ಆರೋಗ್ಯ ಸರಿಯಿದೆ. ಅರ ತಿಂದ ಆರಕ್ಕೆ ಕೆಂಪು ಬಣ್ಣ ಬಳಿದು ಟೂಲ್‌ಬಾಕ್ಸಿಗೆ ಹಾಕಿದ್ದೇನೆ.

ಗಾಡಿ ಹತ್ತುವುದು ಸರಿಯಾಯಿತು. ಇಳಿಯುವಾಗ ಬ್ರೇಕ್ ಹಿಡಿಯುತ್ತಿಲ್ಲ. ಸದ್ಯಕ್ಕೆ ಕೆಳಗೆ ಅಡಿಕೆ ಸೋಗೆ ರಾಶಿ ಹಾಕಿದ್ದೇನೆ.